ಲಾಳಿಯ ಪಾಲಿನ ಹಾಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಬನಶಂಕರೆವ್ವನ ಬೆರಳು ಸೋಕದೆ ಯಾವ ಮಗ್ಗಕ್ಕೂ ಹೊಸ ಹಾಸು ಏರುತ್ತಿರಲಿಲ್ಲ. ಆಕೆಗೆ ಸ್ವಂತ ಮಗ್ಗ ಇರಲಿಲ್ಲ, ಇದ್ದದ್ದು ಕೆಚ್ಚುವ ಕೈ. ನೇಕಾರರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಮಗ್ಗದ ಮೇಲಿನ ಉದ್ದನೆಯ ಎಳೆಗಳಿಗೆ ಹಾಸು ಅನ್ನುತ್ತೇವೆ. ಒಂದು ಹಾಸು ನೇಯ್ದು ಮುಗಿದಾಗ ಅದನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಗೇಣುದ್ದ ತುದಿಯನ್ನು ಹಾಗೇ ಬಿಟ್ಟು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತೇವೆ. ಅದೇ ಕೆಚ್ಚುವುದು. ಬೆರಳಿಗೆ ಬೂದಿ ಹಚ್ಚಿಕೊಂಡು ಬನಶಂಕರೆವ್ವ ಕೂತಳೆಂದರೆ ಸಾವಿರಾರು ಎಳೆಗಳಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಎಳೆ ಹರಿದರೆ ಅದಕ್ಕೇ ಬೈಯುತ್ತಿದ್ದಳು, ಸರಿಯಾಗಿ ಸೇರಿದರೆ ಅದಕ್ಕೇ ಶಾಬಾಸ್ ಅನ್ನುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆದರೂ ಆಕೆಯಷ್ಟು ನಗುವ ಹೆಂಗಸನ್ನು ನಾನು ಆಮೇಲೂ ಕಂಡಿಲ್ಲ.

ಆಕೆ ಕೆಚ್ಚಲು ಕೂತಾಗ ತೊಡೆಗೆ ಅಂಟಿಕೊಂಡು ಒಂದು ಬೆಕ್ಕು ಕೂರುತ್ತಿತ್ತು. ಬೂದು ಬಣ್ಣ, ಬೆನ್ನ ಮೇಲೆ ಕಪ್ಪು ಪಟ್ಟಿ, ಒಂದು ಕಿವಿ ಹರಿದಿತ್ತು. ಮರಿಯಾಗಿದ್ದಾಗ ಮಗ್ಗದಲ್ಲಿ ಅಡ್ಡ ಎಳೆ ಒಯ್ಯುವ ಲಾಳಿಯ ಹಾಗೆ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಿತ್ತೆಂದು ಲಾಳಿ ಎಂದೇ ಹೆಸರಿಟ್ಟಿದ್ದಳು. ಆ ಬೆಕ್ಕಿನ ಹೊಟ್ಟೆಯ ಕಥೆಯೇ ನಾನೀಗ ಹೇಳಹೊರಟಿರುವುದು. ಬೆಕ್ಕಿನ ಹೊಟ್ಟೆಯದೇನು ಕಥೆ ಎಂದು ಮೂಗು ಮುರಿಯುವವರು ಮುರಿಯಲಿ. ಅವರ ಮನೆಯಲ್ಲಿ ಇಲಿ ಹಾಸು ಕಡಿದಿಲ್ಲ ಅಂತ ತಿಳಿದುಕೊಳ್ಳುತ್ತೇನೆ.

ಲಾಳಿ ಹುಟ್ಟಿದ್ದು ಶಿರಹಟ್ಟಿಯಲ್ಲಿ, ಬನಶಂಕರೆವ್ವನ ಅಕ್ಕನ ಮನೆಯಲ್ಲಿ. ದೊಡ್ಡ ಯುದ್ಧದ ಕಾಲ ಅದು. ನೂಲಿಗೆ ಕಂಟ್ರೋಲ್ ಬಂದು, ಸರ್ಕಾರ ಅಳೆದುಕೊಟ್ಟಷ್ಟೇ ಸಿಗುತ್ತಿತ್ತು. ಇಲಿಗೆ ಮಾತ್ರ ಯಾವ ಕಂಟ್ರೋಲೂ ಇರಲಿಲ್ಲ. ನೂಲು ಗಟ್ಟಿಯಾಗಲೆಂದು ನಾವು ಹಾಸಿನ ಎಳೆಗಳಿಗೆ ಜೋಳದ ಗಂಜಿ ಬಳಿಯುತ್ತೇವೆ, ಇಲಿಗೆ ಅದೇ ಹಬ್ಬದೂಟ. ಸರದಿ ನಿಂತು ತಂದ ನೂಲು ಬೆಳಗಾಗುವುದರೊಳಗೆ ಚೂರುಚೂರು. ಬನಶಂಕರೆವ್ವ ಶಿರಹಟ್ಟಿಗೆ ಹೋದವಳು ಈ ಮರಿಯನ್ನು ಬುಟ್ಟಿಯಲ್ಲಿಟ್ಟು ಸೆರಗು ಮುಚ್ಚಿ ತಂದಳು. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ನಾವು ಮುಂಬೈ ಸರ್ಕಾರದವರು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬೆಕ್ಕು ದಾಟಿಸಿದೆ ಎಂದು ಆಕೆ ಹೇಳಿಕೊಂಡು ನಗುತ್ತಿದ್ದಳು.

ಮರಿ ಬೆಳೆದು ಓಣಿಯ ಇಲಿಗಳ ಸದ್ದಡಗಿಸಿತು. ಆ ಖುಷಿಗೆ ಬನಶಂಕರೆವ್ವ ಒಂದು ಮನೆಯಲ್ಲಿ ಕೆಚ್ಚಲು ಕೂರುವ ಮೊದಲು ಅದಕ್ಕೆ ಒಂದು ಬಟ್ಟಲು ಹಾಲು ಕೊಡಿಸಿದಳು. ಆ ಮನೆಯವರು ಕೊಟ್ಟರೆಂದು ಪಕ್ಕದ ಮನೆಯವರೂ ಕೊಟ್ಟರು. ಅವರಿಗಿಂತ ನಾವೇನು ಕಡಿಮೆ ಎಂದು ಆಚೆ ಮನೆಯ ಉಡಚವ್ವ ಹಾಲಿಗೆ ತುಪ್ಪ ಬಿಟ್ಟಳು. ನಾನು ಮುಂಡರಗಿಯಿಂದ ಆ ಓಣಿಗೆ ಸೊಸೆಯಾಗಿ ಬರುವ ಹೊತ್ತಿಗೆ ಬಟ್ಟಲಿಗೆ ಕುಂಕುಮ ಏರಿತ್ತು. ಯಾವ ಮನೆಯಲ್ಲೇ ಆಗಲಿ, ಹೊಸ ಹಾಸು ಏರಿಸುವ ದಿನ ಬೆಕ್ಕು ಹಾಲು ಕುಡಿಯದೆ ಕೆಚ್ಚುವ ಕೆಲಸ ಶುರುವಾಗುವಂತಿರಲಿಲ್ಲ. ಹಾಲು ತಪ್ಪಿದರೆ ಆ ಹಾಸು ಇಲಿಯ ಪಾಲು ಎಂದು ನಂಬಿಕೆ.

ನನ್ನ ಮಾವ ಗೋವಿಂದಪ್ಪ ಓಣಿಯ ಹಿರಿಯ. ಒಳ್ಳೆಯ ಮನುಷ್ಯ, ಜಗಳ ಬಿಡಿಸುವವನು, ಆದರೆ ಮಾತು ಎತ್ತಿದರೆ ಹಿರಿಯರು ಅನ್ನುವವನು. ಬೆಕ್ಕಿನ ಹಾಲು ನಮ್ಮ ಹಿರಿಯರ ಕಾಲದಿಂದ ಬಂದ ಪದ್ಧತಿ ಎಂದು ಮದುವೆಯಾದ ವಾರವೇ ನನಗೆ ಪಾಠ ಹೇಳಿದ. ನಾನೂ ನಂಬಿದೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ. ಹಾಲು ಮಗ್ಗಕ್ಕೆ ಕೂರುವ ಗಂಡಸರಿಗೆ, ಮೊಸರಿಗೆ, ಚಹಾಕ್ಕೆ, ಆಮೇಲೆ ಬೆಕ್ಕಿಗೆ. ಕಾಯಿಸುವವಳು ನಾನು, ಬಟ್ಟಲಿಗೆ ಬಗ್ಗಿಸುವವಳು ನಾನು. ಬಗ್ಗಿಸಿದ ಮೇಲೆ ಬೆರಳಿಗೆ ಅಂಟಿದ ಕೆನೆ ನೆಕ್ಕುತ್ತಿದ್ದೆ, ಅಷ್ಟೇ ನನ್ನ ಪಾಲು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅದನ್ನು ಅಡ್ಡ ಎಳೆಯ ನೂಲಿನ ಕಂಡಿಕೆ ಸುತ್ತುವ ರಾಟೆಯ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಲಾಳಿಗೆ ವಯಸ್ಸಾಯಿತು. ಹಲ್ಲು ಉದುರಿದವು, ಇಲಿ ಎದುರಿಗೇ ಹಾದು ಹೋದರೂ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತಿತ್ತು. ಬೇಟೆ ನಿಂತ ಮೇಲೆ ಅದರ ಊಟವೆಂದರೆ ಹಾಲು, ಹಾಲಲ್ಲಿ ನೆನೆಸಿದ ರೊಟ್ಟಿ. ತಿಂದದ್ದು ನಿಲ್ಲುತ್ತಿರಲಿಲ್ಲ. ಒಂದು ದಿನ ವಾಂತಿ, ಒಂದು ದಿನ ಭೇದಿ. ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಎಣಿಸಬಹುದಿತ್ತು.

ಬನಶಂಕರೆವ್ವ ನೇಕಾರರ ಹೆಂಗಸಿಗೆ ತೋಚುವುದನ್ನೇ ಮಾಡಿದಳು. ನೂಲು ಬಡವಾದರೆ ಏನು ಹಾಕುತ್ತೇವೆ? ಗಂಜಿ. ಬೆಕ್ಕಿಗೂ ಗಂಜಿ ಹಾಕಿದಳು. ಹಾಸಿನ ಮೇಲೆ ಬಳಿಯುವ ಹದಕ್ಕೇ ಜೋಳದ ಹಿಟ್ಟು ಕುದಿಸಿ, ಆರಿಸಿ, ಮೂರೂ ಹೊತ್ತು ತಿನ್ನಿಸಿದಳು. ಭೇದಿ ನಿಂತಿತು, ಆಕೆ ಗೆದ್ದೆನೆಂದು ಓಣಿಗೆಲ್ಲ ಹೇಳಿಬಂದಳು. ಆಮೇಲೆ ನಿಂತದ್ದು ನಿಂತೇ ಹೋಯಿತು. ಲಾಳಿ ಬೂದಿಗುಂಡಿಯಲ್ಲಿ ಕೂತು ತಿಣುಕುವುದು, ಎದ್ದು ಬಂದು ಬನಶಂಕರೆವ್ವನ ಮುಖ ನೋಡಿ ಒದರುವುದು, ಮತ್ತೆ ಹೋಗಿ ಕೂರುವುದು. ಓಣಿಯವರು ಔಡಲೆಣ್ಣೆ ಅಂದರು, ಇಂಗಿನ ನೀರು ಅಂದರು. ಆಕೆ ಎಣ್ಣೆ ತಂದಳು, ಮೂಸಿ ನೋಡಿದಳು, ಇದನ್ನು ನಾನೇ ಕುಡಿಯಲಾರೆ ಎಂದು ದೀಪಕ್ಕೆ ಹಾಕಿಬಿಟ್ಟಳು.

ಕೊನೆಗೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಗದಗಿನ ದನದ ದವಾಖಾನೆಗೆ ನಡೆದಳು. ಜೊತೆಗೆ ನಾನೂ ಹೋಗಿದ್ದೆ. ಎತ್ತು ಎಮ್ಮೆಗಳ ಸಾಲಿನಲ್ಲಿ ನಾವು ಬುಟ್ಟಿ ಹಿಡಿದು ನಿಂತದ್ದನ್ನು ನೋಡಿ ಜನ ನಕ್ಕರು, ಬನಶಂಕರೆವ್ವ ಅವರಿಗಿಂತ ಜೋರಾಗಿ ನಕ್ಕಳು. ಡಾಕ್ಟರು ಮಾತ್ರ ನಗಲಿಲ್ಲ. ಹೊಟ್ಟೆ ಒತ್ತಿ ನೋಡಿದರು, ಬಾಯಿ ತೆರೆದು ನೋಡಿದರು, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಗಂಜಿಯ ವಿಷಯ ಕೇಳಿ, ಇದು ಬೆಕ್ಕಮ್ಮಾ, ಸೀರೆಯಲ್ಲ ಅಂದರು. ಹಾಲು ಮರಿಗಳಿಗೆ ಸರಿ, ದೊಡ್ಡ ಬೆಕ್ಕಿಗೆ ಅದು ಅರಗುವುದಿಲ್ಲ, ಮುದಿ ಬೆಕ್ಕಿಗಂತೂ ವಿಷದಂತೆ. ಅದರ ಹೊಟ್ಟೆ ಮಾಂಸಕ್ಕೇ ಮಾಡಿದ್ದು. ಉಪ್ಪು, ಖಾರ, ಉಳ್ಳಾಗಡ್ಡಿ ಏನೂ ಹಾಕದೆ ಮೆತ್ತಗೆ ಬೇಯಿಸಿ, ಸಣ್ಣಗೆ ಹಿಸುಕಿ, ಒಮ್ಮೆಲೆ ಕೊಡದೆ ಸ್ವಲ್ಪ ಸ್ವಲ್ಪ ಕೊಡಿ. ಅಗಲವಾದ ಬಟ್ಟಲಲ್ಲಿ ನೀರು ಇಡಿ. ದಿನಾ ಮೈ ಬಾಚಿ, ಇಲ್ಲದಿದ್ದರೆ ನೆಕ್ಕಿದ ಕೂದಲು ಒಳಗೆ ಗಂಟಾಗುತ್ತದೆ. ಇಷ್ಟು ಹೇಳಿ ಒಂದು ಪುಡಿಯನ್ನೂ ಕೊಟ್ಟರು.

ಹೊರಗೆ ಬಂದ ಮೇಲೆ ಬನಶಂಕರೆವ್ವನ ಮುಖ ನೋಡಬೇಕಿತ್ತು. ನಮ್ಮ ಓಣಿಯಲ್ಲಿ ಮೊಟ್ಟೆಯ ಹೆಸರು ಎತ್ತಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನೆತನದಲ್ಲೇ ಯಾರೂ ಮಾಂಸ ಮುಟ್ಟಿದವರಲ್ಲ. ಬುಟ್ಟಿ ಹೊತ್ತು ನಡೆದವಳು ಬೆಟಗೇರಿ ಹತ್ತಿರವಾದಾಗ ಇದ್ದಕ್ಕಿದ್ದಂತೆ ಓಣಿಯ ಕಡೆ ತಿರುಗದೆ ಮಸೀದಿಯ ಕಡೆ ತಿರುಗಿದಳು. ಅಲ್ಲಿ ಅಖ್ತರಿಯ ಮನೆ. ಅಖ್ತರಿ ಕೌದಿ ಹೊಲಿಯುವವಳು, ಮಗ್ಗದ ಮನೆಗಳ ಚಿಂದಿ ಬಟ್ಟೆ ಒಯ್ಯಲು ನಮ್ಮ ಓಣಿಗೆ ಬರುವವಳು, ಬನಶಂಕರೆವ್ವನ ಜೀವದ ಗೆಳತಿ. ವಿಷಯ ಕೇಳಿ ಆಕೆ ನಕ್ಕಳು. ನಮ್ಮ ಮನೆಯಲ್ಲಿ ಅಡುಗೆಯಾಗುವಾಗ ಉಪ್ಪು ಖಾರ ಬೀಳುವ ಮೊದಲೇ ಲಾಳಿಯ ಪಾಲು ತೆಗೆದಿಡುತ್ತೇನೆ, ಮಾಂಸವಿಲ್ಲದ ದಿನ ಕೋಳಿಯ ಮೊಟ್ಟೆ ಬೇಯಿಸುತ್ತೇನೆ ಅಂದಳು.

ಮರುದಿನದಿಂದ ಲಾಳಿಗೆ ಅಖ್ತರಿಯ ಮನೆಯೇ ಖಾನಾವಳಿಯಾಯಿತು. ಬನಶಂಕರೆವ್ವ ಬೆಳಗ್ಗೆಯೂ ಸಂಜೆಯೂ ಬೆಕ್ಕನ್ನು ಎತ್ತಿಕೊಂಡು ಹೋಗಿ, ಅಂಗಳದಲ್ಲಿ ಇಳಿಸಿ, ತಾನು ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ತಿನ್ನುತ್ತಿದೆಯಾ ಎಂದು ಗೋಡೆಯನ್ನೇ ಕೇಳುತ್ತಿದ್ದಳು. ತಿನ್ನುತ್ತಿದೆ ಎಂದು ಅಖ್ತರಿ ಹಿಂದಿನಿಂದ ಹೇಳುತ್ತಿದ್ದಳು. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಲಾಳಿಯ ಬಾಯಿ ಒರೆಸಿ ಮನೆಗೆ ತರುವುದು. ಹಾಸಿನ ಮೇಲೆ ಗಂಜಿ ಬಳಿಯುವ ಹಳೆಯ ಕುಂಚವೊಂದನ್ನು ತೊಳೆದು ಅದರಿಂದ ದಿನಾ ಮೈ ಬಾಚುವುದು. ಸ್ವಲ್ಪ ದಿನದಲ್ಲೇ ಬೆಕ್ಕಿನ ಮೈ ತುಂಬಿತು, ಬೂದಿಗುಂಡಿಯಲ್ಲಿ ತಿಣುಕುವುದು ತಪ್ಪಿತು. ಒಂದು ಬೆಳಗ್ಗೆ ಬನಶಂಕರೆವ್ವ ನಮ್ಮ ಬಾಗಿಲಿಗೆ ಬಂದು, ಎಲ್ಲರೂ ಕೇಳುವಂತೆ, ಲಾಳಿಗೆ ಹೊರಕಡೆ ಸರಾಗವಾಯಿತು ಎಂದು ಸಾರಿದಳು. ನನ್ನ ಮಾವ ರೊಟ್ಟಿ ತಿನ್ನುತ್ತಿದ್ದ. ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟ.

ಅದು ಕರ್ನಾಟಕ ಒಂದಾಗುವ ವರ್ಷ. ಆ ಸಲ ದೀಪಾವಳಿಯೂ ಹೊಸ ರಾಜ್ಯದ ಹಬ್ಬವೂ ಕೂಡಿಯೇ ಬಂದಿದ್ದವು. ಮುಂಡರಗಿ, ಲಕ್ಷ್ಮೇಶ್ವರ, ಹುಲಕೋಟಿ ಎಲ್ಲ ಕಡೆಯಿಂದ ಸೀರೆಗೆ ಬೇಡಿಕೆ ಬಂತು. ಓಣಿಯ ಒಂದು ಮಗ್ಗವೂ ಸುಮ್ಮನಿರಲಿಲ್ಲ. ಬೆಳಗಾದರೆ ಬೀದಿಯುದ್ದಕ್ಕೂ ಹಾಸು ಹಿಗ್ಗಿಸಿ ಗಂಜಿ ಬಳಿಯುವವರು, ಹಾಡುವವರು, ಹೊಸ ರಾಜ್ಯದಲ್ಲಿ ನೂಲು ಅಗ್ಗವಾಗುತ್ತದೆ ಎನ್ನುವವರು. ಓಣಿಗೆ ಓಣಿಯೇ ಕುಣಿಯುತ್ತಿತ್ತು. ನಾನು ಬಸುರಿ, ಕಂಡಿಕೆ ಸುತ್ತಿ ಸುತ್ತಿ ತೋಳು ಬಿದ್ದುಹೋಗುತ್ತಿತ್ತು, ಆದರೂ ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ.

ಹೊಸ ಹಾಸೆಂದರೆ ಹಾಲು. ಮೊದಲಾದರೆ ಯಾವಾಗಲೋ ಒಂದು ಬಟ್ಟಲು, ಈಗ ದಿನವೂ ಒಂದು ಮನೆಯಲ್ಲಿ ಬಟ್ಟಲು. ಬನಶಂಕರೆವ್ವ ಬಾಗಿಲು ಬಾಗಿಲಿಗೆ ಹೋಗಿ ಡಾಕ್ಟರು ಹೇಳಿದ್ದನ್ನು ಹೇಳಿದಳು. ಎಲ್ಲರೂ ಹೂಂ ಅಂದರು, ಆಕೆ ಬೆನ್ನು ತಿರುಗಿಸಿದ ಕೂಡಲೇ ಬಟ್ಟಲು ಇಟ್ಟರು. ನಿನ್ನ ಬೆಕ್ಕಿನ ಹೊಟ್ಟೆಗಾಗಿ ನಮ್ಮ ಹಾಸಿನ ಮೇಲೆ ಇಲಿ ಬೀಳಬೇಕೇ ಎನ್ನುವುದು ಅವರ ವಾದ. ಲಾಳಿಯೂ ಏನು ಕಡಿಮೆಯದಲ್ಲ. ಕುಂಕುಮದ ಬಟ್ಟಲು ಕಂಡರೆ ಡಾಕ್ಟರ ಮಾತು ಮರೆಯುತ್ತಿತ್ತು.

ಹೀಗಿರುವಾಗ ಮುಂಡರಗಿಯ ಸಾವುಕಾರನಿಗೆಂದು ನಮ್ಮ ಮಾವ ಬೀದಿಯಲ್ಲಿ ಹಿಗ್ಗಿಸಿದ್ದ ಬಿಳಿ ಹಾಸಿನ ಮೇಲೆ ಲಾಳಿ ಹತ್ತಿ ನಿಂತು, ಉಡಚವ್ವನ ಮನೆಯ ಹಾಲನ್ನೂ ತುಪ್ಪವನ್ನೂ ಅಲ್ಲೇ ಕಾರಿತು. ಹಾಸಿನ ಅಗಲಕ್ಕೂ ಕಲೆ. ಅಷ್ಟು ಭಾಗ ಕತ್ತರಿಸಿ ಎಸೆಯಬೇಕಾಯಿತು. ಮಾವ ಕೂಗಾಡಲಿಲ್ಲ, ಅದೇ ಹೆದರಿಕೆ. ಬೆಕ್ಕಿಗೆ ಕಾಲ ಮುಗಿಯಿತು, ಡಂಬಳದಲ್ಲಿ ನಮ್ಮ ಬೀಗರ ಹೊಲದ ಮನೆಯಿದೆ, ಸೋಮವಾರದ ಬಸ್ಸಿಗೆ ಅಲ್ಲಿಗೆ ಬಿಟ್ಟು ಬರುವುದು, ಅಲ್ಲಿಂದ ಹರೆಯದ ಬೆಕ್ಕು ತರುವುದು ಎಂದು ತಣ್ಣಗೆ ಹೇಳಿದ. ಓಣಿಯ ಗಂಡಸರೆಲ್ಲ ತಲೆಯಾಡಿಸಿದರು. ಹಲ್ಲಿಲ್ಲದ ಬೆಕ್ಕು ಹೊಲದ ಮನೆಯಲ್ಲಿ ವಾರ ಬದುಕುವುದಿಲ್ಲ ಎಂದು ಅವರಿಗೆಲ್ಲ ಗೊತ್ತಿತ್ತು.

ಬನಶಂಕರೆವ್ವ ಮೂರು ದಿನ ನಗಲಿಲ್ಲ. ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕುಂಚದಿಂದ ಬಾಚುತ್ತಾ ಕೂತಿರುತ್ತಿದ್ದಳು. ನಾನು ಹೋಗಿ ಮಾತಾಡಿಸಿದರೆ, ಈ ಬೆಕ್ಕಿಲ್ಲದೆ ನಾನು ಹೇಗಿರಲಿ ಸಾವಂತ್ರೆವ್ವ, ಸಂಜೆಗೆ ಮನೆಯಲ್ಲಿ ನನ್ನ ಹೆಜ್ಜೆ ಸಪ್ಪಳಕ್ಕೆ ಎದ್ದು ಬರುವ ಜೀವ ಇದೊಂದೇ ಎಂದು ಬಾಯಿಬಿಟ್ಟು ಅತ್ತಳು. ನಾನೂ ಜೊತೆಗೆ ಕೂತು ಅತ್ತೆ.

ಸೋಮವಾರ ಬಂತು. ಅಂದೇ ನಮ್ಮ ಮನೆಯಲ್ಲಿ ಉಳಿದ ಹಾಸು ಕೆಚ್ಚುವ ದಿನ. ಕೆಚ್ಚು ಮುಗಿದ ಮೇಲೆ ಬೆಕ್ಕು ಮಧ್ಯಾಹ್ನದ ಬಸ್ಸಿಗೆ ಎಂದು ಮಾವ ನಿಶ್ಚಯಿಸಿದ್ದ. ಕಡೆಯ ಸಲದ ಹಾಲು ಚೆನ್ನಾಗಿರಲಿ ಎಂದು ನನ್ನಿಂದ ಕೆನೆಹಾಲೇ ಕಾಯಿಸಿದ್ದ. ಬನಶಂಕರೆವ್ವ ಬಂದಳು. ಒಂದು ಕೈಯಲ್ಲಿ ಲಾಳಿಯ ಬುಟ್ಟಿ, ಇನ್ನೊಂದು ಕೈಯಲ್ಲಿ ತನ್ನ ಬಟ್ಟೆಯ ಗಂಟು. ಎರಡನ್ನೂ ಮಗ್ಗದ ಪಕ್ಕ ಇಟ್ಟು, ಬೂದಿಯ ಚಿಪ್ಪು ಎಳೆದುಕೊಂಡು ಕೂತಳು. ಆ ಗಂಟು ಯಾತರದು ಎಂದು ಮಾವ ಕೇಳಿದ.

"ಲಾಳಿ ಡಂಬಳಕ್ಕ ಹ್ವಾದ್ರ ನಾನೂ ಹೋಗಾಕಿ," ಅಂದಳು. "ಆಕಿ ತೊಡಿ ಪಕ್ಕ ಇರಲಿಲ್ಲಂದ್ರ ನನ್ನ ಬೆರಳ ಓಡಂಗಿಲ್ಲ."

ಮನೆ ತುಂಬ ಜನ ಇದ್ದರು. ಉಳಿದ ಮನೆಗಳ ಹಾಸು ಇನ್ನು ಯಾರು ಕೆಚ್ಚುತ್ತಾರೆ ಎನ್ನುವುದು ಪ್ರತಿಯೊಬ್ಬರ ಮುಖದಲ್ಲೂ ಕಂಡಿತು. ಮಾವನೂ ಆ ಮುಖಗಳನ್ನು ನೋಡಿದ. ಬೆಕ್ಕು ಇರಲಿ ಎಂದು ಹೇಳಿಯೇಬಿಡುತ್ತಿದ್ದನೇನೋ, ಆದರೆ ಇದ್ದರೆ ಹಾಲು ಕೊಡಲೇಬೇಕಲ್ಲ, ಕೊಟ್ಟರೆ ಕಾರುತ್ತದಲ್ಲ. ಹಾಲು ನಿಲ್ಲಿಸುವುದು ಮಾತ್ರ ತನ್ನ ಕೈಯಲ್ಲಿಲ್ಲ, ಅದು ಹಿರಿಯರು ಮಾಡಿಟ್ಟದ್ದು ಅಂದ.

ಬನಶಂಕರೆವ್ವ ಬೂದಿಯ ಬೆರಳು ಎತ್ತಿದವಳು ಹಾಗೇ ನಿಲ್ಲಿಸಿದಳು. ನಾಲ್ಕು ದಿನಕ್ಕೆ ಮೊದಲ ಸಲ ಆಕೆಯ ಮುಖದಲ್ಲಿ ನಗು ಕಂಡೆ.

"ಆ ಹಿರ್ಯಾಕಿ ನಾನ, ಗೋವಿಂದಪ್ಪ," ಅಂದಳು. "ಕಂಟ್ರೋಲ್ ಕಾಲದಾಗ ಮೊದಲನೇ ಬಟ್ಲ ಇಡಿಸಿದಾಕಿ ನಾನ. ನಿನ್ನ ಮನ್ಯಾಗ, ಇದ ಮಗ್ಗದ ಮುಂದ. ನೆನಪ ಮಾಡ್ಕೊ."

ಮಾವ ನೆನಪು ಮಾಡಿಕೊಂಡ. ಮಾಡಿಕೊಳ್ಳುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಹಿರಿಯರ ಮಾತನ್ನು ಹತ್ತು ಹನ್ನೆರಡು ವರ್ಷದಿಂದ ಹೇಳಿಕೊಂಡು ಬಂದವನು, ಆ ಹಿರಿಯರು ಎದುರಿಗೇ ಬೂದಿ ಹಚ್ಚಿಕೊಂಡು ಕೂತಿದ್ದಾರೆಂದರೆ ಏನು ಹೇಳಬೇಕು? ಯಾರೋ ಹಿಂದೆ ಕಿಸಕ್ಕೆಂದರು. ಮೊದಲು ನಕ್ಕವಳು ಉಡಚವ್ವ ಎಂದು ನನ್ನ ಗುಮಾನಿ. ಆಮೇಲೆ ಮಾವನೇ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಗಾದರೆ ನೀನೇ ಹೇಳು, ಪದ್ಧತಿಯನ್ನು ಕತ್ತರಿಸಿಬಿಡೋಣವೇ ಎಂದು ಕೇಳಿದ.

ಕತ್ತರಿಸುವುದು ಬೇಡ ಅಂದಳು ಬನಶಂಕರೆವ್ವ. ಹಾಸನ್ನೇ ನಾವು ಪೂರ್ತಿ ಕತ್ತರಿಸುವುದಿಲ್ಲ, ಹಳೆಯ ತುದಿಗೆ ಹೊಸದನ್ನು ಕೆಚ್ಚುತ್ತೇವೆ, ಇದನ್ನೂ ಹಾಗೇ ಮಾಡೋಣ ಅಂದಳು. ಹೊಸ ಹಾಸಿನ ದಿನ ಬಟ್ಟಲಿಗೆ ಹಾಲು ಬೀಳಲಿ, ಕುಂಕುಮವೂ ಇರಲಿ. ಕುಡಿಯುವವರು ಮಾತ್ರ ಬದಲಾಗಲಿ. ಹೀಗೆಂದು ಬಟ್ಟಲು ಎತ್ತಿಕೊಂಡು ಎದ್ದಳು. ಆಕೆಯೇ ಕುಡಿಯುತ್ತಾಳೆಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದು, ರಾಟೆಯ ಮುಂದೆ ಕೂತವಳು ಕೂತೇ ಇದ್ದೆ.

ಆಕೆ ನೇರ ನನ್ನ ಹತ್ತಿರ ಬಂದು ಬಟ್ಟಲನ್ನು ನನ್ನ ಕೈಗೆ ಕೊಟ್ಟಳು.

"ಕಂಡಕಿ ಸುತ್ತಾಕಿ ಕುಡೀಲಿ," ಅಂದಳು. "ಬೆರಳ ನೆಕ್ಕೂದು ನೋಡೇನಿ ನಾ. ಕುಡಿ, ಆರ್ತೈತಿ."

ನಾನು ಮಾವನ ಕಡೆ ನೋಡಿದೆ. ಆತನಿಗೆ ಇದು ಹೊಳೆದೇ ಇರಲಿಲ್ಲ, ಅದು ಅವನ ಮುಖದಲ್ಲಿ ಬರೆದಿತ್ತು. ಕೆಟ್ಟವನಲ್ಲ ಎಂದು ಮೊದಲೇ ಹೇಳಿದೆನಲ್ಲ. ಎಲ್ಲರ ಎದುರಿಗೆ ತಲೆ ತಗ್ಗಿಸಿ, ಕುಡಿಯವ್ವ ಅಂದ. ಕುಡಿದೆ. ಮದುವೆಯಾಗಿ ಆ ಮನೆಗೆ ಬಂದ ಮೇಲೆ ನಾನು ಬಟ್ಟಲು ತುಂಬ ಕುಡಿದ ಮೊದಲ ಹಾಲು ಅದು. ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು, ಹಾಲು ಎಷ್ಟು ಸಿಹಿಯಿತ್ತೆಂದು ನಾನು ಹೇಳಲಾರೆ. ಬುಟ್ಟಿಯೊಳಗಿಂದ ಲಾಳಿ ತನ್ನ ಪಾಲು ಕೈ ತಪ್ಪಿತೆಂದು ಒಂದೇ ಸಮನೆ ಒದರುತ್ತಿತ್ತು. ಬನಶಂಕರೆವ್ವ ಅದನ್ನು ತೊಡೆಯ ಪಕ್ಕ ಕೂರಿಸಿಕೊಂಡು ಎಳೆ ಹೊಸೆಯತೊಡಗಿದಳು. ಮಧ್ಯಾಹ್ನದ ಬಸ್ಸು ಡಂಬಳಕ್ಕೆ ಬೆಕ್ಕಿಲ್ಲದೆ ಹೋಯಿತು.

ಮರುದಿನದಿಂದ ಎಲ್ಲ ಮನೆಗಳಲ್ಲೂ ಅದೇ ನಡೆಯಿತು. ಸೊಸೆಯಂದಿರು ಹೊಸ ಹಾಸಿನ ದಿನಕ್ಕೆ ಕಾಯತೊಡಗಿದರು. ಹೊಸ ರಾಜ್ಯದ ಹಬ್ಬದ ದಿನ ಓಣಿಯ ತುಂಬ ಹಣತೆ ಹಚ್ಚಿದ್ದೆವು, ಗಂಡಸರು ಮೆರವಣಿಗೆಗೆ ಹೋಗಿದ್ದರು. ಬನಶಂಕರೆವ್ವ ಮಾತ್ರ ಲಾಳಿಯನ್ನು ಎತ್ತಿಕೊಂಡು ಅಖ್ತರಿಯ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಬ್ಬವೆಂದು ಅಂದು ಲಾಳಿಗೆ ಮೀನು. ಸಾಂಗಲಿಯಲ್ಲಿ ಹುಟ್ಟಿದ್ದು, ಮುಂಬೈಯಲ್ಲಿ ದುಡಿದದ್ದು, ಈಗ ಹೊಸ ಮೈಸೂರು ರಾಜ್ಯದಲ್ಲಿ ಪಿಂಚಣಿ ತಿನ್ನುತ್ತಿದೆ, ಅದೂ ಈ ಓಣಿ ಬಿಡದೆ ಎಂದು ಬನಶಂಕರೆವ್ವ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಆ ಪಿಂಚಣಿಯನ್ನು ಲಾಳಿ ಇನ್ನೂ ಕೆಲವು ವರ್ಷ ತಿಂದಿತು. ಹಿತವಾಗಿ ತಿಂದು, ಸರಾಗವಾಗಿ ಹೊರಕಡೆ ಹೋಗಿ, ಒಂದು ಮಧ್ಯಾಹ್ನ ಆಕೆಯ ತೊಡೆಯ ಪಕ್ಕದಲ್ಲೇ ಮಲಗಿದ್ದು ಏಳಲಿಲ್ಲ. ಕೆಚ್ಚು ಮುಗಿಯುವವರೆಗೆ ಬನಶಂಕರೆವ್ವ ಯಾರಿಗೂ ಹೇಳಲಿಲ್ಲ.

ಈಗ ನಾನೇ ಓಣಿಯ ಹಿರಿಯಳು. ಮೊನ್ನೆ ನಮ್ಮ ಮನೆಯಲ್ಲಿ ಹೊಸ ಹಾಸು ಏರಿತು. ಕಿರಿಸೊಸೆ ಗದಿಗೆವ್ವ ಕಂಡಿಕೆ ಸುತ್ತುತ್ತಿದ್ದಳು. ಕುಂಕುಮವಿಟ್ಟ ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಮದುವೆಯಾದ ಮೇಲೆ ಅವಳಿಗೆ ಇದು ಮೊದಲನೆಯದು. ಇದು ಯಾವ ಕಾಲದ ಪದ್ಧತಿ ಎಂದು ಕೇಳಿದಳು. ಹಿರಿಯರ ಕಾಲದ್ದು ಎನ್ನಲು ಬಾಯಿ ತೆರೆದೆ, ನನಗೇ ನಗು ಬಂತು. ಹಾಲು ಅರಗದ ಒಂದು ಮುದಿ ಬೆಕ್ಕಿನ ಪಾಲು ಇದು, ಕಥೆ ಆಮೇಲೆ ಹೇಳುತ್ತೇನೆ ಅಂದೆ.

"ಕುಡಿ," ಅಂದೆ. "ಆರ್ತೈತಿ."